ಅಂಚಿನಲ್ಲಿ ನಿಂತವರು

ಮಗೂ,

ನೀನು ಕಳಿಸಿದ ಕಂಬಳದ ಚಿತ್ರ ನಿನ್ನೆ ರಾತ್ರಿ ಬಂತು. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ. ಕೋಣಗಳ ಮೂಗಿನ ಹೊಳ್ಳೆ, ಹಾರುವ ಕೆಸರಿನ ಹನಿ, ಓಡಿಸುವವನ ಕತ್ತಿನ ನರ, ಎಲ್ಲ ಮುಖಕ್ಕೇ ಬಂದು ರಾಚುವ ಹಾಗಿದೆ. ಅದರ ಕೆಳಗೆ ನಿನ್ನ ಪ್ರಶ್ನೆ: "ತಾತ, ಫೋಟೋ ತೆಗೆದ ಮೇಲೆ ಕ್ರಾಪ್ ಮಾಡೋದು ತಪ್ಪಾ? ಕ್ಲಬ್ಬಿನಲ್ಲಿ ಒಬ್ಬ ಹಿರಿಯರು, ನಿಜವಾದ ಫೋಟೋಗ್ರಾಫರ್ ಕ್ರಾಪ್ ಮಾಡೋದೇ ಇಲ್ಲ ಅಂದ್ರು. ಮಾರನೇ ವಾರ ಸ್ಪರ್ಧೆಗೆ ಬಂದ ತೀರ್ಪುಗಾರರು ನನ್ನದೇ ಇನ್ನೊಂದು ಚಿತ್ರ ನೋಡಿ, ಇನ್ನಷ್ಟು ಕ್ರಾಪ್ ಮಾಡಬೇಕಿತ್ತು ಅಂದ್ರು. ಯಾರ ಮಾತು ಕೇಳಲಿ?"

ಇಬ್ಬರದೂ ಕೇಳಿಸಿಕೋ, ಇಬ್ಬರನ್ನೂ ಪೂರ್ತಿ ನಂಬಬೇಡ. 12 ವರ್ಷ ಪತ್ರಿಕೆಗೆ ಫೋಟೋ ತೆಗೆದು, ಆಮೇಲೆ 27 ವರ್ಷ ಮೈಸೂರಿನಲ್ಲಿ ಸ್ಟುಡಿಯೋ ನಡೆಸಿದವನು ನಾನು. ಕತ್ತರಿ ಹಾಕಿ ಚಿತ್ರ ಉಳಿಸಿದ್ದೂ ಇದೆ, ಕತ್ತರಿ ಹಾಕಿ ಇವತ್ತಿಗೂ ನಿದ್ದೆ ಕೆಡಿಸಿಕೊಳ್ಳುವುದೂ ಇದೆ. ಅದನ್ನೆಲ್ಲ ಫೋನಿನಲ್ಲಿ ಹೇಳಲಾಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಕ್ಲಬ್ಬಿನ ಹಿರಿಯರ ಮಾತು. ಹಾಗೆ ಹೇಳುವವರ ಬಾಯಲ್ಲಿ ಒಂದು ಹೆಸರು ಬಂದೇ ಬರುತ್ತದೆ, ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋಂ. ಲೈಕಾ ಹಿಡಿದು ದೇಶ ದೇಶ ಅಲೆದವನು. 1948ರ ಜನವರಿಯಲ್ಲಿ ಗಾಂಧೀಜಿಯ ಹತ್ಯೆಯಾದಾಗ ದಿಲ್ಲಿಯಲ್ಲೇ ಇದ್ದವನು. ಕೂದಲೆಳೆಯಷ್ಟೂ ಕತ್ತರಿಸಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನೆಗೆಟಿವ್ ಅಂಚಿನ ಕಪ್ಪು ಗೆರೆ ಸಮೇತ ಪ್ರಿಂಟ್ ಹಾಕಿಸುತ್ತಿದ್ದ. ಇದೆಲ್ಲ ನಿಜ. ಆದರೆ ಅವನ ಹೆಸರು ಹೇಳಿದ ಕೂಡಲೇ ಕಣ್ಣಿಗೆ ಬರುವ ಚಿತ್ರ ಯಾವುದು? 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನಿಂತ ನೀರಿನ ಮೇಲೆ ಹಾರುತ್ತಿರುವ ಮನುಷ್ಯ. ಹಿಮ್ಮಡಿ ಇನ್ನೇನು ನೀರು ಮುಟ್ಟಬೇಕು, ಅಷ್ಟರಲ್ಲಿ ಕಾಲವೇ ನಿಂತಿದೆ. ಆ ಚಿತ್ರ ತೆಗೆದದ್ದು ಹಲಗೆ ಬೇಲಿಯ ಸಂದಿನಿಂದ. ಸಂದಿನಲ್ಲಿ ಲೆನ್ಸ್ ಪೂರ್ತಿ ಹಿಡಿಸಲಿಲ್ಲ, ನೆಗೆಟಿವ್‌ನ ಎಡಗಡೆ ಹಲಗೆಯ ಮಬ್ಬು ಬಂದು ಕೂತಿತು. ಆ ಮಬ್ಬನ್ನು ಕತ್ತರಿಸಿಯೇ ಜಗತ್ತಿಗೆ ತೋರಿಸಿದ್ದು. ಅಷ್ಟು ಮಡಿಯವನೂ ಹಲಗೆ ಅಡ್ಡ ಬಂದಾಗ ಮಡಿ ಸಡಿಲಿಸಿದ. ಸಡಿಲಿಸದಿದ್ದರೆ ಹಾರುವ ಮನುಷ್ಯ ಡಬ್ಬಿಯೊಳಗೇ ಉಳಿಯುತ್ತಿದ್ದ.

ಹಾಗಂತ ಮಡಿಯವರನ್ನು ಗೇಲಿ ಮಾಡಬೇಡ. ನಮ್ಮಲ್ಲಿ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿನವರು ಸ್ಲೈಡ್ ಫಿಲ್ಮಿನಲ್ಲಿ ಕಾಡು ಹಿಡಿಯುತ್ತಿದ್ದ ಕಾಲದಲ್ಲಿ ಆ ಮಡಿ ತಾನಾಗಿಯೇ ಬರುತ್ತಿತ್ತು. ಸ್ಲೈಡ್ ಅಂದರೆ ತೆಗೆದದ್ದೇ ಕೊನೆಯ ಚಿತ್ರ. ಪ್ರೊಜೆಕ್ಟರಿಗೆ ಹಾಕಿದರೆ ಅಂಚಿನಿಂದ ಅಂಚಿಗೆ ಪರದೆಯ ಮೇಲೆ ಬೀಳುತ್ತದೆ. ಮೂಲೆಯಲ್ಲಿ ಒಣಕಡ್ಡಿ ತೂರಿಕೊಂಡಿದ್ದರೆ ಮೌಂಟ್ ಬಿಚ್ಚಿ ಬೆಳ್ಳಿ ಬಣ್ಣದ ಟೇಪ್ ಅಂಟಿಸಬೇಕು. ಅಂಟಿಸಿದಷ್ಟೂ ಪರದೆಯ ಮೇಲೆ ಚಿತ್ರ ಕುಗ್ಗುತ್ತದೆ. ರೋಲಿಗೆ 36 ಫ್ರೇಮು, ಅದರ ದುಡ್ಡು ನೆನೆದರೆ ಬೆರಳು ತಾನೇ ತಡೆಯುತ್ತಿತ್ತು. ಹಾಗಾಗಿ ಒತ್ತುವ ಮೊದಲು ಕಣ್ಣು ನಾಲ್ಕು ಮೂಲೆಗೂ ಒಂದು ಸುತ್ತು ಹೋಗಿ ಬರುತ್ತಿತ್ತು. ಆ ಸುತ್ತು ನಿನಗೂ ಬರಬೇಕು. ಒಂದು ತಿಂಗಳು ಕ್ರಾಪ್ ಮುಟ್ಟದೆ ಫೋಟೋ ತೆಗೆದು ನೋಡು, ಏಕಾದಶಿ ಉಪವಾಸದ ಹಾಗೆ. ದ್ವಾದಶಿ ದಿನ ಊಟ ಮಾಡುವುದನ್ನು ಮಾತ್ರ ಮರೆಯಬೇಡ.

ನನಗೆ ಕ್ರಾಪ್ ಕಲಿಸಿದವರು ಪತ್ರಿಕೆಯ ಡೆಸ್ಕಿನಲ್ಲಿದ್ದ ಒಬ್ಬ ಉಪಸಂಪಾದಕರು. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಅಡಿಪಟ್ಟಿ, ಕಿವಿ ಮೇಲೆ ಪೆನ್ಸಿಲ್ಲು. ಒಂದು ನೆರೆಯ ಸಮಯ. ಗಂಜಿ ಕೇಂದ್ರದ ಫೋಟೋ ತಂದಿದ್ದೆ: ನೂರಾರು ಜನ, ಸಾಲು, ಪಾತ್ರೆ, ಲಾರಿ, ಮೇಲೆ ಕಪ್ಪು ಮೋಡ. ಎಲ್ಲ ಇದೆ ಅಂತ ಬೀಗಿಕೊಂಡು ಮೇಜಿನ ಮೇಲಿಟ್ಟೆ. ಅವರು ಮಾತಾಡದೆ ನಾಲ್ಕು ಕಾಗದದ ಪಟ್ಟಿ ತೆಗೆದುಕೊಂಡು ಪ್ರಿಂಟಿನ ಮೇಲೆ ಅತ್ತಿತ್ತ ಜರುಗಿಸಿದರು. ಮೋಡ ಹೋಯಿತು, ಲಾರಿ ಹೋಯಿತು, ಸಾಲಿನ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕಿ. ಪಾತ್ರೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರೇಷನ್ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ಊರು ಮುಳುಗಿದ್ದರೂ ಆ ಕಾರ್ಡು ನೆನೆಯಬಾರದು. "ಇದನ್ನ ನೋಡಿದ್ದೆಯೇನಯ್ಯಾ?" ಅಂದರು. ನೋಡಿರಲಿಲ್ಲ. ನಾನು ನೋಡದ್ದನ್ನು ನನ್ನ ಕ್ಯಾಮೆರಾ ನೋಡಿತ್ತು. ಮಾರನೇ ದಿನ ಎರಡು ಕಾಲಂನಲ್ಲಿ ಅವಳೊಬ್ಬಳೇ ಬಂದಳು. ಆ ಮುದುಕಿಯನ್ನು ಮತ್ತೆ ಹುಡುಕಿಕೊಂಡು ಹೋಗಲಿಲ್ಲ. ಆ ವಯಸ್ಸಿನಲ್ಲಿ ಅದು ಹೊಳೆಯಲೂ ಇಲ್ಲ.

ಅವತ್ತಿನಿಂದ ರಟ್ಟು ಕತ್ತರಿಸಿ ಎರಡು ಎಲ್ ಆಕಾರದ ಪಟ್ಟಿ ಮಾಡಿಟ್ಟುಕೊಂಡೆ. ಪ್ರತಿ ಪ್ರಿಂಟಿನ ಮೇಲೂ ಎದುರುಬದುರು ಇಟ್ಟು ಸರಿಸುವುದು. ನಿನಗೆ ಪರದೆಯ ಮೇಲೆ ಬೆರಳಿನಲ್ಲೇ ಆಗುತ್ತದೆ, ಆದರೂ ಒಮ್ಮೆ ಪ್ರಿಂಟ್ ಹಾಕಿಸಿ ರಟ್ಟಿನಲ್ಲಿ ಮಾಡಿ ನೋಡು. ಕೈ ನಿಧಾನವಾದಷ್ಟೂ ಕಣ್ಣು ಕೆಲಸ ಮಾಡುತ್ತದೆ. ಅಮೆರಿಕದ ಆರ್ನಲ್ಡ್ ನ್ಯೂಮನ್ 1946ರಲ್ಲಿ ಸಂಗೀತಗಾರ ಇಗೋರ್ ಸ್ಟ್ರಾವಿನ್‌ಸ್ಕಿಯ ಚಿತ್ರ ತೆಗೆದ. ಹುಡುಕಿ ನೋಡು. ಮುಕ್ಕಾಲು ಚಿತ್ರ ಪಿಯಾನೋದ ಎತ್ತಿದ ಮುಚ್ಚಳವೇ, ಸಂಗೀತದ ಒಂದು ಚಿಹ್ನೆಯ ಹಾಗೆ ಕಪ್ಪಗೆ ನಿಂತಿದೆ. ಮನುಷ್ಯ ಕೆಳಗಿನ ಮೂಲೆಯಲ್ಲಿ, ಕೈಗೆ ತಲೆ ಆನಿಸಿಕೊಂಡು. ಪೂರ್ತಿ ನೆಗೆಟಿವ್ ನೋಡಿದರೆ ಸುತ್ತ ಬೇಕಾದಷ್ಟು ಖಾಲಿ ಇದೆ. ಅದನ್ನೆಲ್ಲ ಬಿಗಿಯಾಗಿ ಕತ್ತರಿಸಿದ ಮೇಲೆ ಆ ಚಿತ್ರ ಆ ಚಿತ್ರವಾಯಿತು. ತಮಾಷೆ ಎಂದರೆ, ತೆಗೆಸಿದ ಪತ್ರಿಕೆ ಅದನ್ನು ಬೇಡವೆಂದು ವಾಪಸು ಮಾಡಿತ್ತು.

ಇನ್ನು ಕ್ರಾಪ್‌ನಿಂದ ಆಗದ ಕೆಲಸ ಯಾವುದು ಅಂತ ತಿಳಿದಿರು. ನಿನ್ನ ಕ್ಯಾಮೆರಾ 24 ಮೆಗಾಪಿಕ್ಸೆಲ್, ಅಂದರೆ 6000 ಅಡ್ಡ, 4000 ಉದ್ದ. ಎರಡೂ ಕಡೆ ಅರ್ಧಕ್ಕೆ ಇಳಿಸಿದರೆ ಉಳಿಯುವುದು 12 ಅಲ್ಲ, 6. ಮತ್ತೊಮ್ಮೆ ಅರ್ಧ ಮಾಡಿದರೆ 1500ಕ್ಕೆ 1000, ಒಂದೂವರೆ ಮೆಗಾಪಿಕ್ಸೆಲ್. ಫೋನಿನಲ್ಲಿ ಚೆನ್ನಾಗೇ ಕಾಣುತ್ತದೆ. ಅದನ್ನೇ 18 ಇಂಚಿನ ಪ್ರಿಂಟ್ ಹಾಕಿಸಿದರೆ ಇಂಚಿಗೆ 83 ಚುಕ್ಕಿ, ರಂಗೋಲಿ ಲೆಕ್ಕ.

ಇನ್ನೊಂದು, ಇದನ್ನು ಕ್ಲಬ್ಬಿನಲ್ಲಿ ಬಹಳ ಜನ ತಪ್ಪು ಹೇಳುತ್ತಾರೆ. "ಕ್ರಾಪ್ ಯಾಕೆ, ನಾಲ್ಕು ಹೆಜ್ಜೆ ಮುಂದೆ ಹೋಗು" ಅನ್ನುತ್ತಾರಲ್ಲ, ಎರಡೂ ಒಂದೇ ಕೆಲಸ ಮಾಡುವುದಿಲ್ಲ. ದಸರಾ ದಿನ ಅರಮನೆಯ ಮುಂದೆ ಅಂಬಾರಿ ಹೊತ್ತ ಆನೆ ಬರುತ್ತಿದೆ ಅಂದುಕೋ. ದೂರ ನಿಂತು ತೆಗೆದು ಕ್ರಾಪ್ ಮಾಡಿದರೆ ಆನೆಯ ಹಿಂದೆ ಅರಮನೆ ಬೆಟ್ಟದ ಹಾಗೆ ನಿಂತಿರುತ್ತದೆ. ಹತ್ತಿರ ಹೋಗಿ ತೆಗೆದರೆ ಆನೆ ಬೆಳೆದು ಅರಮನೆ ಹಿಂದೆ ಸರಿದು ಸಣ್ಣಗಾಗುತ್ತದೆ. ಯಾವುದು ದೊಡ್ಡದು, ಯಾವುದು ಸಣ್ಣದು ಅನ್ನುವುದನ್ನು ತೀರ್ಮಾನಿಸುವುದು ನೀನು ನಿಂತ ಜಾಗ. ಕತ್ತರಿ ಅದನ್ನು ಬದಲಿಸಲಾರದು. ಮುಖದ ಚಿತ್ರದಲ್ಲೂ ಹಾಗೇ, ತೀರ ಹತ್ತಿರ ಹೋದರೆ ಮೂಗು ಮುಂದೆ ಬರುತ್ತದೆ; ಆಮೇಲೆ ಎಷ್ಟು ಕತ್ತರಿಸಿದರೂ ಆ ಮೂಗು ಒಳಗೆ ಹೋಗುವುದಿಲ್ಲ. ಹಾಗಾಗಿ ಮೊದಲು ಎಲ್ಲಿ ನಿಲ್ಲಬೇಕು ಅಂತ ಯೋಚಿಸು, ಕ್ರಾಪ್ ಆಮೇಲಿನ ಮಾತು.

ಹಕ್ಕಿಗಳ ವಿಷಯಕ್ಕೆ ಬಂದರೆ ನಾನು ಕತ್ತರಿಯ ಪಕ್ಷ. ಕೊಕ್ಕರೆಬೆಳ್ಳೂರಿಗೆ ಹೋದಾಗ ನೀನೇ ನೋಡಿದ್ದೀಯ, ಹೆಜ್ಜಾರ್ಲೆಗಳು ಊರಿನ ಮಧ್ಯೆ, ಮನೆ ಹಿತ್ತಲ ಮರದಲ್ಲೇ ಗೂಡು ಕಟ್ಟುತ್ತವೆ. ಊರವರಿಗೆ ಹೊಂದಿಕೊಂಡ ಹಕ್ಕಿ ನಮ್ಮ ಲೆನ್ಸಿಗೂ ಹೊಂದಿಕೊಂಡಿದೆ ಅಂದುಕೊಳ್ಳಬೇಡ. ತಾಯಿ ಗಾಬರಿಯಾಗಿ ಎದ್ದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆ ಕಾದಿರುತ್ತದೆ. ಚೌಕಟ್ಟು ತುಂಬಲಿ ಅಂತ ಗೂಡಿನ ಹತ್ತಿರದ ಕೊಂಬೆ ಕಡಿದವರನ್ನು ನಾನು ಕಂಡಿದ್ದೇನೆ. ಅಂಥವರ ಗೋಡೆಯ ಮೇಲೆ ಪದಕಗಳನ್ನೂ ಕಂಡಿದ್ದೇನೆ. ದೂರದಲ್ಲೇ ನಿಲ್ಲು. ಚಿತ್ರದಲ್ಲಿ ಹಕ್ಕಿ ಅವರೆಕಾಳಿನಷ್ಟು ಬರಲಿ. ಮನೆಗೆ ಬಂದು ಕ್ರಾಪ್ ಮಾಡು, ಸ್ವಲ್ಪ ಕಾಳುಕಾಳಾದರೆ ಆಗಲಿ. ತೀರ್ಪುಗಾರರು ಅಂಕ ಕಡಿಮೆ ಕೊಟ್ಟರೆ ಅವರ ಹತ್ತಿರವೇ ಇಟ್ಟುಕೊಳ್ಳಲಿ.

ಈಗ ನಿದ್ದೆ ಕೆಡಿಸುವ ಕತೆ. ನಿಮ್ಮ ಅಜ್ಜಿಗೂ ಪೂರ್ತಿ ಹೇಳಿದವನಲ್ಲ.

ಸ್ಟುಡಿಯೋ ಇಟ್ಟ ಹೊಸತು. ಒಂದು ಹಳ್ಳಿಯ ಮದುವೆ. ಧಾರೆ ಮುಗಿದು ಗ್ರೂಪ್ ಫೋಟೋಗೆ ಎಲ್ಲರನ್ನೂ ಚಪ್ಪರದ ಕೆಳಗೆ ನಿಲ್ಲಿಸಿದೆ. ಅಷ್ಟರಲ್ಲಿ ಒಬ್ಬ ಯುವಕ ಬಂದು ಬಲಗಡೆ ಕೊನೆಯಲ್ಲಿ ನಿಂತ, ಒಂದು ಗೇಣು ಜಾಗ ಬಿಟ್ಟು. ಹೆಣ್ಣಿನ ಅಣ್ಣನಂತೆ. ಆಸ್ತಿ ವಿಚಾರಕ್ಕೆ ಮನೆ ಬಿಟ್ಟು ಹೋಗಿದ್ದವನು ತಂಗಿಯ ಮದುವೆ ಅಂತ ಬಂದಿದ್ದ. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನಾನು "ಹತ್ತಿರ ಬನ್ನಿ ಸ್ವಾಮಿ" ಅಂದೆ. ಅರ್ಧ ಹೆಜ್ಜೆ ಬಂದ.

ಫಿಲ್ಮಿನ ಅಳತೆ 36ಕ್ಕೆ 24 ಮಿಲಿಮೀಟರ್. ಮನೆಯವರು ಕೇಳಿದ್ದು ಗೋಡೆಗೆ ಹಾಕುವ 10ಕ್ಕೆ 8 ಇಂಚಿನ ಪ್ರಿಂಟ್. ಲೆಕ್ಕ ಹಾಕು: ಎತ್ತರ ಪೂರ್ತಿ ತೆಗೆದುಕೊಂಡರೆ ಅಗಲದಲ್ಲಿ ಹಿಡಿಸುವುದು 30 ಮಿಲಿಮೀಟರ್ ಮಾತ್ರ. ಆರರಲ್ಲಿ ಒಂದು ಪಾಲು ಹೊರಗೆ. ಮೇಲೆ ಕೆಳಗೆ ಬಿಳಿ ಪಟ್ಟಿ ಬಿಟ್ಟು ಪೂರ್ತಿ ಹಾಕಬಹುದಿತ್ತು, ಆದರೆ ಗಿರಾಕಿಗಳಿಗೆ ಬಿಳಿ ಪಟ್ಟಿ ಕಂಡರಾಗದು, ಕಾಗದಕ್ಕೆ ಕೊಟ್ಟ ದುಡ್ಡು ದಂಡ ಅನ್ನುತ್ತಿದ್ದರು. ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಕಾಗದ ಹಿಡಿಯುವ ಈಸೆಲ್ ಸರಿಸಿದೆ. ಎಡಗಡೆ ಕೊನೆಯಲ್ಲಿ ಗಂಡಿನ ಸೋದರಮಾವ, ದುಡ್ಡು ಕೊಡುವವರು. ಬಲಗಡೆ ಆ ಅಣ್ಣ, ಹೇಗೂ ದೂರ ನಿಂತವನು. ಎರಡು ಸೆಕೆಂಡು ಕೂಡ ಯೋಚಿಸಲಿಲ್ಲ. ಕಾಗದ ಡೆವಲಪರಿನಲ್ಲಿ ಮೂಡಿ ಬಂದಾಗ ಗ್ರೂಪು ಅಚ್ಚುಕಟ್ಟಾಗಿತ್ತು. ಮನೆಯವರೂ ಮೆಚ್ಚಿದರು, ಯಾರೂ ಕೇಳಲಿಲ್ಲ.

ಕೇಳಿದ್ದು ಎಷ್ಟೋ ವರ್ಷದ ಮೇಲೆ. ಆ ಹೆಣ್ಣುಮಗಳೇ ಸ್ಟುಡಿಯೋಗೆ ಬಂದಳು, ಜೊತೆಯಲ್ಲಿ ಎದೆಮಟ್ಟ ಬೆಳೆದ ಮಗ. ಅಣ್ಣ ತೀರಿಕೊಂಡಿದ್ದ, ಎಲ್ಲೋ ದೂರದ ಊರಿನಲ್ಲಿ. ತಿಥಿಗೆ ಇಡೋಣವೆಂದರೆ ಅವನದೊಂದು ಫೋಟೋ ಇಲ್ಲ. "ಅವತ್ತು ನನ್ನ ಮದುವೆ ಫೋಟೋದಲ್ಲಿ ನಿಂತಿದ್ದ ಸಾರ್, ನನಗೆ ಚೆನ್ನಾಗಿ ನೆನಪಿದೆ. ಮನೆ ಫೋಟೋದಲ್ಲಿ ಅವನ ತೋಳಿನ ಬಟ್ಟೆ ಮಾತ್ರ ಇದೆ. ನಿಮ್ಮ ಹತ್ತಿರ ನೆಗೆಟಿವ್ ಇರುತ್ತಲ್ಲಾ?" ಅಂದಳು. ಇರಲಿಲ್ಲ. ಹಳೆಯ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯುವವರಿಗೆ ಕಿಲೋ ಲೆಕ್ಕದಲ್ಲಿ ಮಾರಿದ್ದೆ. ಸ್ಟುಡಿಯೋದವರು ಬಹಳ ಜನ ಮಾರುತ್ತಿದ್ದರು. ಆದರೂ ಅವಳ ಮುಂದೆ ಎರಡು ಡಬ್ಬಿ ಸುರುವಿ ಹುಡುಕುವ ಹಾಗೆ ಮಾಡಿದೆ. ಇಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ, ಅದಕ್ಕೆ. ಅವಳು ಕುರ್ಚಿಯ ತುದಿಯಲ್ಲಿ ಕೂತು ಕಾದಳು.

ಕ್ರಾಪ್ ಮಾಡಿದ್ದು ತಪ್ಪೇ ಅಂತ ನನ್ನನ್ನು ಕೇಳಿದರೆ, ಕಾಗದದ ಅಳತೆಗೆ ಏನಾದರೂ ಹೋಗಲೇಬೇಕಿತ್ತು ಅನ್ನುತ್ತೇನೆ. ಯಾರು ಹೋದರೂ ನಡೆಯುತ್ತದೆ ಅಂತ ಎರಡು ಸೆಕೆಂಡಿನಲ್ಲಿ ತೀರ್ಮಾನಿಸಿದೆನಲ್ಲ, ಅದು ತಪ್ಪು. ನೆಗೆಟಿವ್ ಮಾರಿದ್ದು ಅದಕ್ಕಿಂತ ದೊಡ್ಡ ತಪ್ಪು. ನಿನಗೆ ಈಗ ಅನುಕೂಲವಿದೆ: ಲೈಟ್‌ರೂಮ್‌ನಂಥದರಲ್ಲಿ ಕ್ರಾಪ್ ಮಾಡಿದರೆ ಮೂಲ ಹಾಗೇ ಕೆಳಗೆ ಮಲಗಿರುತ್ತದೆ, ಬೇಕೆಂದಾಗ ಎಬ್ಬಿಸಬಹುದು. ಕತ್ತರಿಸಿದ ಜೆಪೆಗ್ ಅನ್ನು ಮೂಲದ ಮೇಲೇ ಸೇವ್ ಮಾಡಿದರೆ ಮಾತ್ರ ಹೋದದ್ದು ಹೋಯಿತು. ಮೂಲವನ್ನು ಎರಡು ಕಡೆ ಇಡು. ಹಾರ್ಡ್ ಡಿಸ್ಕಿಗೆ ದುಡ್ಡು ಬೇಕಾದರೆ ನನ್ನನ್ನು ಕೇಳು, ಹೊಸ ಲೆನ್ಸಿಗೆ ಕೇಳಬೇಡ.

ಅಂಚಿನಲ್ಲಿದ್ದವರನ್ನು ಬಿಟ್ಟು ಲೋಕಪ್ರಸಿದ್ಧವಾದ ಚಿತ್ರವೂ ಇದೆ. ಟೀ ಶರ್ಟು, ಆಟೋ ಹಿಂಭಾಗ, ಹಾಸ್ಟೆಲ್ ಗೋಡೆ, ಎಲ್ಲ ಕಡೆ ಇರುವ ಚೆಗೆವಾರನ ಮುಖ. ಅದನ್ನು ತೆಗೆದವನು ಆಲ್ಬರ್ಟೋ ಕೋರ್ಡಾ, 1960ರ ಮಾರ್ಚ್ 5ರಂದು ಹವಾನಾದಲ್ಲಿ. ಹಿಂದಿನ ದಿನ ಬಂದರಿನಲ್ಲಿ ಲಾ ಕೂಬ್ರ್ ಎಂಬ ಹಡಗು ಸ್ಫೋಟಗೊಂಡಿತ್ತು. ಸತ್ತವರಿಗಾಗಿ ನಡೆದ ಸಭೆ ಅದು. ಮೂಲ ಚಿತ್ರದಲ್ಲಿ ಒಂದು ಪಕ್ಕ ಇನ್ನೊಬ್ಬನ ಮುಖ, ಇನ್ನೊಂದು ಪಕ್ಕ ತಾಳೆಯ ಗರಿ. ಎರಡನ್ನೂ ಕತ್ತರಿಸಿದಾಗ ಆ ಮುಖ ಆಕಾಶದಲ್ಲಿ ಒಂಟಿಯಾಗಿ ನಿಂತಿತು. ಅದ್ಭುತ ಕ್ರಾಪ್, ಒಪ್ಪುತ್ತೇನೆ. ಆದರೆ ಆ ಕಣ್ಣು ನಾಳಿನ ಯಾವುದೋ ಕನಸನ್ನು ನೋಡುತ್ತಿದೆ ಅಂದುಕೊಂಡವರೇ ಹೆಚ್ಚು. ಅದು ಸಾವಿನ ಸಭೆಯಲ್ಲಿ ನಿಂತವನ ಕಣ್ಣು ಅಂತ ಎಷ್ಟು ಜನಕ್ಕೆ ಗೊತ್ತು? ಕ್ರಾಪ್ ಸುಳ್ಳು ಹೇಳಲಿಲ್ಲ. ಊರು, ದಿನ, ಪಕ್ಕದವನು ಎಲ್ಲವನ್ನೂ ಕಳಚಿ ಸುಮ್ಮನಾಯಿತು, ಉಳಿದದ್ದನ್ನು ನೋಡುವವರೇ ತುಂಬಿಕೊಂಡರು.

ಕತ್ತರಿಸುವುದಕ್ಕೂ ಅಳಿಸುವುದಕ್ಕೂ ಇರುವ ವ್ಯತ್ಯಾಸವನ್ನೂ ಕೇಳು, ಸ್ಪರ್ಧೆಗೆ ಹೋಗುವವಳು ನೀನು. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರೂದಿಕ್ ಎಂಬಾತನಿಗೆ ಕೊಟ್ಟ ಬಹುಮಾನ ವಾಪಸು ಪಡೆದರು. ಬೀದಿ ಹೊಡೆದಾಟದ ಚಿತ್ರಮಾಲೆ, ಕೈಗೆ ಬಟ್ಟೆ ಸುತ್ತುತ್ತಿರುವ ಒಂದು ಚಿತ್ರ. ದೊಡ್ಡ ಚಿತ್ರದ ಸಣ್ಣದೊಂದು ಭಾಗವನ್ನು ಕ್ರಾಪ್ ಮಾಡಿ ಕಪ್ಪುಬಿಳುಪು ಮಾಡಿದ್ದ; ಅದಕ್ಕೆ ತಕರಾರು ಬರಲಿಲ್ಲ. ಹಿಂದೆ ಇದ್ದವನ ಪಾದದ ಒಂದು ಚೂರನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದ, ಅದಕ್ಕೆ ಹೊರಗೆ ಹಾಕಿದರು. ಅಂತರರಾಷ್ಟ್ರೀಯ ಫೋಟೋ ಸಲೂನ್‌ಗಳ ನಿಸರ್ಗ ವಿಭಾಗದಲ್ಲೂ ಇದೇ ನಿಯಮ. ಚಿತ್ರದೊಳಗೆ ಏನನ್ನೂ ಸೇರಿಸುವಂತಿಲ್ಲ, ಜರುಗಿಸುವಂತಿಲ್ಲ, ತೆಗೆಯುವಂತಿಲ್ಲ, ಕ್ರಾಪ್ ಒಂದಕ್ಕೆ ವಿನಾಯಿತಿ. ಅಂಚಿನಿಂದ ಎಷ್ಟು ಬೇಕಾದರೂ ಒಳಗೆ ಬಾ, ನಡುವೆ ತೂತು ಕೊರೆಯಬೇಡ ಅಂತ ಅರ್ಥ. ನನಗೆ ಇದು ಸರಿ ಅನ್ನಿಸುತ್ತದೆ, ಪೂರ್ತಿ ಸಮಾಧಾನ ಮಾತ್ರ ಇಲ್ಲ. ಚಪ್ಪರದ ಅಂಚಿನಲ್ಲಿದ್ದ ಅಣ್ಣನನ್ನು ನಿಯಮದ ಪ್ರಕಾರವೇ ಹೊರಗೆ ಹಾಕಿದವನು ನಾನು.

ನಮಗೆ ಕಾಗದ ಅಳತೆ ಹೇಳುತ್ತಿತ್ತು, ನಿಮಗೆ ಫೋನು ಹೇಳುತ್ತದೆ. ಇನ್‌ಸ್ಟಾಗ್ರಾಮಿಗೆ ಒಂದು ಉದ್ದನೆಯ ಅಳತೆ, ಸ್ಟೇಟಸ್ಸಿಗೆ ಇನ್ನೂ ಉದ್ದ, 9ಕ್ಕೆ 16. ಅಡ್ಡ ತೆಗೆದ ಊರಜಾತ್ರೆಯನ್ನು ಉದ್ದಕ್ಕೆ ಸೀಳಿ ಹಾಕುತ್ತೀರಿ. ಹಾಕಿ, ಬೇಡವೆನ್ನುವುದಿಲ್ಲ. ಅಂಚನ್ನು ಅದು ತಾನೇ ತೀರ್ಮಾನಿಸುವುದಕ್ಕೆ ಬಿಡದೆ ಬೆರಳಿಟ್ಟು ಸರಿಸಿ ನೋಡು, ಯಾರು ಹೊರಗೆ ಬೀಳುತ್ತಿದ್ದಾರೆ ಅಂತ. ಮನುಷ್ಯರನ್ನು ಕತ್ತರಿಸಬೇಕಾಗಿ ಬಂದರೆ ಮಣಿಕಟ್ಟಿನಲ್ಲಿ, ಮೊಣಕಾಲಿನಲ್ಲಿ ಕತ್ತರಿಸಬೇಡ, ಅಂಗ ಊನವಾದ ಹಾಗೆ ಕಾಣುತ್ತದೆ. ತೊಡೆಯ ನಡುವೆಯೋ ತೋಳಿನ ನಡುವೆಯೋ ಆದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಓಡುವವರ ಮುಂದೆ ಓಡಲು ಜಾಗ ಬಿಡು.

ಈಗ ನಿನ್ನ ಕಂಬಳಕ್ಕೆ ಬರೋಣ. ಓಡಿಸುವವನ ಕಾಲ ಕೆಳಗಿನ ಹಲಗೆ ನೋಡಿದರೆ ಅದು ಕನೆಹಲಗೆ. ನೀನು ಕರಾವಳಿ ಕಡೆಯೇ ಓದುತ್ತಿದ್ದೀಯ, ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬೇಕು: ಹಗ್ಗ, ನೇಗಿಲು ವಿಭಾಗದಲ್ಲಿ ಯಾರು ಮೊದಲು ಅನ್ನುವುದು ಮುಖ್ಯ, ಕನೆಹಲಗೆಯಲ್ಲಿ ನೀರು ಎಷ್ಟು ಮೇಲೆ ಚಿಮ್ಮಿತು ಅನ್ನುವುದು. ಹಲಗೆಯ ತೂತಿನಿಂದ ನೀರು ಕಾರಂಜಿಯಾಗಿ ಎದ್ದು, ಕರೆಗೆ, ಅಂದರೆ ಓಟದ ಗದ್ದೆಗೆ, ಅಡ್ಡಲಾಗಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. 6.5 ಕೋಲಿನ ಎತ್ತರಕ್ಕೆ ಒಂದು, 7.5 ಕೋಲಿಗೆ ಒಂದು. ಕೋಣಗಳು ಓಡಿದ್ದೂ, ಅವನು ಒಂಟಿ ಕಾಲು ಊರಿ ನಿಂತದ್ದೂ ಆ ಬಟ್ಟೆಗಾಗಿ. ಹಗ್ಗದ ಓಟವಾಗಿದ್ದರೆ ನಿನ್ನ ಕ್ರಾಪ್‌ಗೆ ನಾನು ಶಹಭಾಸ್ ಅನ್ನುತ್ತಿದ್ದೆ. ಇದರಲ್ಲಿ ನೀರು ಮೇಲೇಳುತ್ತಿರುವಾಗಲೇ ಚಿತ್ರ ಮುಗಿದುಹೋಗಿದೆ.

ನೀನು ಕತ್ತರಿಸಿದ್ದಕ್ಕೆ ಕಾರಣ ಇರಬಹುದು, ಮೇಲೆ ಯಾವುದೋ ಜಾಹೀರಾತಿನ ಫ್ಲೆಕ್ಸ್ ಬಂದು ಹಾಳು ಮಾಡಿರಬಹುದು. ಇದ್ದರೂ ಪರವಾಗಿಲ್ಲ. ಮೂಲ ಚಿತ್ರವನ್ನು ಹಾಗೇ ಕಳಿಸು, ವಾಟ್ಸಾಪಿನಲ್ಲಿ ಬೇಡ, ಇಮೇಲ್ ಮಾಡು. ನೀರು ಬಟ್ಟೆ ಮುಟ್ಟಿತಾ ನೋಡಬೇಕು.

ಇಂತಿ,
ತಾತ